ನನ್ನ ಜಡೆಯ ಟೋಪನ್

ಜ್ವರ ಬಿಟ್ಟು ತಿಂಗಳು ಕಳೆದ ಮೇಲೆ ನನ್ನ ಕೂದಲು ಉದುರತೊಡಗಿತು. ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಎಂಟನೆಯ ಇಯತ್ತೆ. ಬೈಲಹೊಂಗಲದಲ್ಲಿ ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಟೈಫಾಯ್ಡ್ ಆಗಿ ಮೂರು ವಾರ ಹಾಸಿಗೆ ಹಿಡಿದಿದ್ದೆ. ಹುಡುಗಿ ಉಳಿದಳು ಎಂದು ಮನೆಯವರು ಸಮಾಧಾನ ಪಡುವಷ್ಟರಲ್ಲಿ ಇದು ಶುರುವಾಯಿತು. ದಿಂಬಿನ ಮೇಲೆ ಕೂದಲು, ರೊಟ್ಟಿಯ ತಾಟಿನಲ್ಲಿ ಕೂದಲು, ಅಪ್ಪನ ಅಂಗಿಯ ಗುಂಡಿಗೆ ಸುತ್ತಿಕೊಂಡ ಕೂದಲು. ಟೊಂಕದವರೆಗೆ ಇಳಿಯುತ್ತಿದ್ದ ಜಡೆ ದಿನದಿಂದ ದಿನಕ್ಕೆ ಸಣ್ಣಗಾಗುತ್ತ ಹೋಯಿತು. ಪೂರ್ತಿ ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎಂದು ಓಣಿಯ ಹಿರಿಯರು ಹೇಳಿದರು. ಅವ್ವ ಜಡೆಯ ಬುಡಕ್ಕೆ ದಾರ ಬಿಗಿದು ಕತ್ತರಿಸಿ ಎತ್ತಿಟ್ಟಳು. ಉಳಿದದ್ದನ್ನು ಕ್ಷೌರದ ಅಜ್ಜ ಹಿತ್ತಲಲ್ಲಿ ಕೂರಿಸಿ ತೆಗೆದ. ಜಡೆಯನ್ನು ಬಿಳಿ ಅರಿವೆಯಲ್ಲಿ ಸುತ್ತಿ ದೇವರ ಮಾಡದಲ್ಲಿಟ್ಟ ಅವ್ವ, ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಹೋಗಿ ದೇವಿಗೆ ಒಪ್ಪಿಸುತ್ತೇನೆ ಎಂದಳು. ನನ್ನ ಜೀವಕ್ಕಾಗಿ ಹರಕೆ ಹೊತ್ತಿದ್ದಳಂತೆ. ನನ್ನನ್ನು ಯಾರೂ ಕೇಳಿರಲಿಲ್ಲ.

ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಸಾಲೆಗೆ ಹೋದ ಮೊದಲ ದಿನವೇ ಹಿಂದಿನ ಬೆಂಚಿನವರು ಅದನ್ನು ಎಳೆದರು. ಎರಡನೆಯ ದಿನ ಹೆಸರಿಟ್ಟರು: ಬೋಳಿ. ನಮ್ಮ ಕಡೆ ಅದು ಬರಿಯ ಬೋಳುತಲೆಯ ಹೆಸರಲ್ಲ. ಗಂಡ ಸತ್ತವಳ ತಲೆ ಬೋಳಿಸುತ್ತಿದ್ದ ಕಾಲದಿಂದ ಬಂದ ಬೈಗುಳ. ಹೆಂಗಸರು ನೀರಿನ ಜಗಳದಲ್ಲಿ ಒಬ್ಬರಿಗೊಬ್ಬರು ಕೊನೆಯ ಕಲ್ಲಿನಂತೆ ಎಸೆಯುವ ಮಾತು. ಹದಿಮೂರು ವರ್ಷದ ನನಗೆ ಅದು ಹಾಜರಿ ಕೂಗಿದಷ್ಟು ಸಲೀಸಾಗಿ ದಿನಕ್ಕೆ ನಾಲ್ಕು ಸಲ ಬೀಳುತ್ತಿತ್ತು. ನಾನು ಮನೆಯಲ್ಲಿ ಹೇಳಲಿಲ್ಲ. ನಮಗೆ ಕನ್ನಡ ಕಲಿಸುವ ಅಕ್ಕೋರಿಗೆ ಹೇಳಿದೆ. ಹಲ್ಲು ಕಚ್ಚಿ ಓದಿನ ಕಡೆ ಲಕ್ಷ್ಯ ಕೊಡು ಎಂದರು. ಬೈದವರಿಗೆ ಏನೂ ಹೇಳಲಿಲ್ಲ.

ಅದೇ ಅಕ್ಕೋರು ಜ್ವರಕ್ಕೂ ಮುಂಚೆ ನನ್ನನ್ನು ನಾಟಕಕ್ಕೆ ಆರಿಸಿದ್ದರು. ಕಿತ್ತೂರಿನಲ್ಲಿ ಸಾಲೆಗಳ ನಾಟಕ ಸ್ಪರ್ಧೆ ಇತ್ತು, ಹದಿನೈದು ನಿಮಿಷದ್ದು. ನಮ್ಮ ಸಾಲೆಯಿಂದ ರಾಣಿಯ ನಾಟಕ. ಯಾವ ರಾಣಿ ಎಂದು ನಮ್ಮ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ರಾಣಿಯ ಪಾತ್ರ ನನ್ನದು. ನನ್ನ ದನಿ ಕೊನೆಯ ಸಾಲಿಗೆ ಮುಟ್ಟುತ್ತದೆ ಎಂದು ಅವರೇ ಹೇಳಿದ್ದರು. ಹಾಸಿಗೆಯಲ್ಲಿದ್ದಾಗಲೂ ನಾನು ಆ ಮಾತುಗಳನ್ನು ಬಡಬಡಿಸುತ್ತಿದ್ದೆನಂತೆ.

ಮತ್ತೆ ತಾಲೀಮು ಶುರುವಾದ ದಿನ ಅಕ್ಕೋರು ನನ್ನ ಸ್ಕಾರ್ಫನ್ನು ಬಹಳ ಹೊತ್ತು ನೋಡಿದರು. ಆಮೇಲೆ ಇಡೀ ವರ್ಗದ ಎದುರು, ರಾಣಿಗೆ ಕೂದಲೇ ಇಲ್ಲದಿದ್ದರೆ ಜನ ನಗುತ್ತಾರೆ, ಎಲ್ಲಿಂದಾದರೂ ಒಂದು ಟೋಪನ್ ಹೊಂದಿಸಿಕೊಂಡು ಬಂದರೆ ಪಾತ್ರ ನಿನ್ನದೇ ಎಂದರು. ಟೋಪನ್ ಎಂದರೆ ನಾಟಕದವರು ತಲೆಗೆ ಹಾಕಿಕೊಳ್ಳುವ ಕೂದಲಿನ ಟೊಪ್ಪಿಗೆ. ಪಾತ್ರ ನಿನ್ನದೇ. ಆ ಮಾತನ್ನು ಅಲ್ಲಿದ್ದ ನಲವತ್ತು ಮಂದಿ ಕೇಳಿಸಿಕೊಂಡಿದ್ದಾರೆ. ಇವತ್ತಿಗೂ ಬೇಕಾದರೆ ಸಾಕ್ಷಿ ಕೊಡಿಸುತ್ತೇನೆ.

ನಮ್ಮ ಪಕ್ಕದ ಮನೆಯ ಮುಸ್ಲಿಂ ಹೆಂಗಸನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿರುತ್ತಿದ್ದ. ಮಗಳು ನನಗಿಂತ ವರ್ಷಕ್ಕೆ ಚಿಕ್ಕವಳು. ಖಾಲಾ ಹೊಲಿಗೆ ಮಾಡುತ್ತಿದ್ದರು. ಜೊತೆಗೆ ಕೂದಲು ಕಡಿಮೆಯಾದ ಹೆಂಗಸರು ಜಡೆಗೆ ಸೇರಿಸಿ ಹೆಣೆದುಕೊಳ್ಳುವ ಗಂಗಾವನ ಕಟ್ಟಿಕೊಡುತ್ತಿದ್ದರು. ಅವರ ತವರು ರಾಮದುರ್ಗ. ಅಲ್ಲಿ ಅವರ ತಂದೆ ನಾಟಕದ ಡ್ರೆಸ್ಸು ಬಾಡಿಗೆ ಕೊಡುವ ಅಂಗಡಿ ಇಟ್ಟಿದ್ದರು. ಆಗ ಅದನ್ನು ಅವರ ತಮ್ಮ ನಡೆಸುತ್ತಿದ್ದ. ಸುತ್ತಲಿನ ಹಳ್ಳಿಗಳಲ್ಲಿ ನಾಟಕ ಕಟ್ಟಿದವರೆಲ್ಲ ಕಿರೀಟ, ಕತ್ತಿ, ಟೋಪನ್‌ಗಳಿಗೆ ಅಲ್ಲಿಗೇ ಬರುತ್ತಿದ್ದರು. ಖಾಲಾ ತಂದೆಯ ಪಕ್ಕ ಕುಳಿತು ಚಿಕ್ಕಂದಿನಲ್ಲೇ ಟೋಪನ್ ಕಟ್ಟುವುದು ಕಲಿತಿದ್ದರು.

ರಾಮದುರ್ಗದಿಂದ ಒಂದು ಟೋಪನ್ ತರಿಸಿಕೊಡಿ ಎಂದು ಕೇಳಲು ಹೋದೆ. ಖಾಲಾ ನನ್ನ ಸ್ಕಾರ್ಫು ಬಿಚ್ಚಿ ತಲೆಯ ಮೇಲೆ ಅಂಗೈ ಆಡಿಸಿದರು. ಅಲ್ಲಿಯವರೆಗೆ ಹಾಗೆ ಯಾರೂ ಮುಟ್ಟಿರಲಿಲ್ಲ; ಅವ್ವ ಕೂಡ ಎಣ್ಣೆ ಹಚ್ಚುವಾಗ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ಅಂಗಡಿಯ ಟೋಪನ್‌ಗಳು ಗಂಡಸರ ತಲೆಯ ಅಳತೆಯವು, ನಿನ್ನ ಕಿವಿಯವರೆಗೆ ಇಳಿಯುತ್ತವೆ ಎಂದರು. ಆಮೇಲೆ ಕೇಳಿದರು, “ನಿನ್ನ ಜಡಿ ಎಲ್ಲಿ ಐತಿ ಬೇಟಾ?”

ಅವ್ವ ಕೊಡಲು ಒಪ್ಪಲಿಲ್ಲ. ದೇವಿಯ ಸ್ವತ್ತು ಎಂದಳು. ನಾನು ಎರಡು ದಿನ ಊಟ ಬಿಟ್ಟೆ. ಜ್ವರದಿಂದ ಎದ್ದ ಹುಡುಗಿ ಊಟ ಬಿಟ್ಟರೆ ಯಾವ ತಾಯಿ ತಡೆದುಕೊಂಡಾಳು? ನನ್ನ ಸಿಟ್ಟಿಗೆ ಆಗಲೇ ಅಷ್ಟು ಲೆಕ್ಕಾಚಾರ ಗೊತ್ತಿತ್ತು. ಖಾಲಾ ಬಂದು, ದೇವಿಗೆ ಬೇಕಾಗಿದ್ದು ನಿಮ್ಮ ಭಕ್ತಿ, ಹೊಸ ಕೂದಲು ಬಂದ ಮೇಲೆ ಅದನ್ನೇ ಕೊಡಿ ಎಂದು ಸಮಾಧಾನ ಹೇಳಿದರು. ಅವ್ವ ಮಾಡದಿಂದ ಅರಿವೆಯ ಗಂಟು ತೆಗೆದು, ಕಣ್ಣಿಗೊತ್ತಿಕೊಂಡು, ಖಾಲಾ ಕೈಗೆ ಕೊಟ್ಟಳು.

ಮುಂದಿನ ಒಂದೂವರೆ ತಿಂಗಳು ಸಾಲೆ ಬಿಟ್ಟ ಕೂಡಲೇ ನಾನು ಖಾಲಾ ಮನೆಯಲ್ಲಿರುತ್ತಿದ್ದೆ. ಮೊದಲು ದಾರದಿಂದ ನನ್ನ ತಲೆಯ ಅಳತೆ ತೆಗೆದರು: ಸುತ್ತಳತೆ, ಹಣೆಯಿಂದ ಕತ್ತಿನವರೆಗೆ, ಕಿವಿಯಿಂದ ಕಿವಿಗೆ. ಆ ದಾರಗಳನ್ನು ಹಿಡಿದುಕೊಂಡು ಇಬ್ಬರೂ ಸಂತೆಗೆ ಹೋಗಿ ನನ್ನ ತಲೆಯಷ್ಟೇ ದೊಡ್ಡ ಗಡಿಗೆ ಹುಡುಕಿದೆವು. ಗಡಿಗೆ ಮಾರುವ ಮುದುಕಿ, ನೀರಿಗೋ ಅಂಬಲಿಗೋ ಎಂದು ಕೇಳಿದಳು. ಖಾಲಾ ನನ್ನತ್ತ ತೋರಿಸಿ, ಈಕೆಯ ತಲೆಗೆ ಎಂದರು. ಜ್ವರದ ನಂತರ ನಾನು ನಕ್ಕದ್ದು ಅದೇ ಮೊದಲು.

ಗಡಿಗೆಯನ್ನು ಬೋರಲು ಹಾಕಿ, ಅದರ ಮೇಲೆ ಕರಿ ಅಸ್ತರದ ಬಟ್ಟೆಯಿಂದ ಕುಲಾವಿಯಂಥ ಟೊಪ್ಪಿಗೆ ಹೊಲಿದರು. ಕೂದಲನ್ನು ಸೀಗೆಕಾಯಿಯಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆವು. ನನ್ನ ಜಡೆಯೊಂದೇ ಸಾಲುವಂತಿರಲಿಲ್ಲ. ಅವ್ವ ಬಾಚಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದಳು, ಅದನ್ನು ತಂದೆ. ಖಾಲಾ ತಮ್ಮದನ್ನೂ ಸೇರಿಸಿದರು. ಮೆಹಂದಿ ಹಚ್ಚುತ್ತಿದ್ದುದರಿಂದ ಅದು ಕೆಂಪಗಿತ್ತು, ಅದನ್ನು ಒಳಪದರಕ್ಕೆ ಇಟ್ಟರು. ಉಂಡೆಯ ಕೂದಲು ತಲೆಕೆಳಗಾಗಿ ಬೆರೆತಿರುತ್ತದೆ. ಬುಡ ಯಾವುದು ತುದಿ ಯಾವುದು ಎಂದು ಆರಿಸದಿದ್ದರೆ ಎರಡೇ ದಿನಕ್ಕೆ ಸಿಕ್ಕುಗಟ್ಟುತ್ತದೆ. ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದರೆ ಅದು ಯಾವಾಗಲೂ ಬುಡದ ಕಡೆಗೇ ಸರಿಯುತ್ತದೆ. ಇದನ್ನು ಖಾಲಾ ಕಲಿಸಿದರು. ಒಂದು ವಾರ ನಾನು ಎಳೆ ಎಳೆಯಾಗಿ ಆರಿಸಿದೆ. ಕಣ್ಣು ಉರಿಯುತ್ತಿತ್ತು. ಅಲ್ಲಿದ್ದಷ್ಟು ಹೊತ್ತು ಯಾರೂ ನನ್ನನ್ನು ಏನೂ ಅನ್ನುತ್ತಿರಲಿಲ್ಲ.

ಬಾಗಿಲ ಕೊಂಡಿಯಿಂದ ಮಂಚದ ಕಾಲಿಗೆ ಎರಡು ದಾರ ಬಿಗಿದು, ಹತ್ತು ಹನ್ನೆರಡು ಎಳೆಗಳ ಒಂದೊಂದು ಕುಚ್ಚನ್ನು ಬುಡ ಮಡಚಿ ಆ ದಾರಗಳಿಗೆ ಹೆಣೆಯುತ್ತಿದ್ದೆವು. ಸಂಜೆಯ ಹೊತ್ತಿಗೆ ಒಂದು ಮೊಳ ಉದ್ದದ ಕೂದಲ ಝಾಲರಿ ತಯಾರಾಗುತ್ತಿತ್ತು. ಅದನ್ನು ಟೊಪ್ಪಿಗೆಗೆ ಕತ್ತಿನ ಕಡೆಯಿಂದ ಮೇಲಕ್ಕೆ ಸಾಲು ಸಾಲಾಗಿ ಹೊಲಿಯುವುದು. ನಾನು ಹೊಲಿದ ಮೊದಲ ಮೂರು ಸಾಲು ಓರೆಯಾದವು. ಖಾಲಾ ಏನೂ ಅನ್ನದೆ ಬಿಚ್ಚಿ ಮತ್ತೆ ನನ್ನ ಕೈಗೇ ಸೂಜಿ ಕೊಟ್ಟರು. ಬೈತಲೆಯ ಕೆಲಸ ಮಾತ್ರ ಅವರದು. ತೆಳ್ಳನೆಯ ಮಲಮಲ್ ಪಟ್ಟಿಯನ್ನು ಚಹಾದ ನೀರಿನಲ್ಲಿ ಅದ್ದಿ ನನ್ನ ನೆತ್ತಿಯ ಬಣ್ಣಕ್ಕೆ ತಂದು, ಅದರೊಳಗಿಂದ ಒಂದೊಂದೇ ಕೂದಲನ್ನು ಸೂಜಿಯಿಂದ ಎಳೆದರು. ಎರಡು ಬೆರಳು ಅಗಲದ ಆ ಪಟ್ಟಿಗೇ ಎಂಟು ದಿನ ಹಿಡಿಯಿತು. ಹತ್ತಿರದಿಂದ ನೋಡಿದರೂ ಅದು ಚರ್ಮದಿಂದ ಹುಟ್ಟಿದ ಕೂದಲಿನ ಹಾಗೆಯೇ ಕಾಣುತ್ತಿತ್ತು.

ಪಿನ್ನು ಚುಚ್ಚುವಷ್ಟು ಕೂದಲು ನನ್ನ ತಲೆಯಲ್ಲಿ ಇನ್ನೂ ಬಂದಿರಲಿಲ್ಲ. ಅದಕ್ಕೇ ಕಿವಿಯ ಹಿಂದಿನಿಂದ ಕತ್ತಿನ ಕೆಳಗೆ ಕಟ್ಟಿಕೊಳ್ಳುವ ಲಾಡಿ ಇಟ್ಟರು. ಕೊನೆಗೆ ಕೇಶಾಲಂಕಾರ. ಅಗಸಿ ಬೀಜವನ್ನು ನೀರಲ್ಲಿ ಕುದಿಸಿ ಸೋಸಿದರೆ ಬರುವ ಲೋಳೆಯನ್ನು ಹಚ್ಚಿ ಮುಂದಿನ ಕೂದಲನ್ನು ನುಣ್ಣಗೆ ಕೂರಿಸಿದರು. ಕಿವಿಯ ಬಳಿ ಇಳಿಬೀಳುವ ಎರಡು ಗುಂಗುರಿಗಾಗಿ ಜೋಳದ ದಂಟನ್ನು ಬೆರಳುದ್ದ ಕತ್ತರಿಸಿ, ಒದ್ದೆ ಕೂದಲನ್ನು ಅದಕ್ಕೆ ಸುತ್ತಿ ಬಿಸಿಲಲ್ಲಿಟ್ಟರು. ಹಿಂದೆ ದೊಡ್ಡ ತುರುಬು. ಎಲ್ಲ ಮುಗಿದ ಮೇಲೆ ನನ್ನ ತಲೆಗೆ ಹಾಕಿ, ಲಾಡಿ ಬಿಗಿದು, ಗೋಡೆಯ ಕನ್ನಡಿಯನ್ನು ಇಳಿಸಿ ಕೈಗೆ ಕೊಟ್ಟರು. ನನಗೆ ಅಳು ಬರಲಿಲ್ಲ. ನನ್ನ ವಸ್ತು ನನಗೆ ತಿರುಗಿ ಬಂತು ಅನ್ನಿಸಿತು, ಅಷ್ಟೆ. ಖಾಲಾ, “ಇದು ಸುಳ್ಳ ಕೂದಲ ಅಲ್ಲ ಬೇಟಾ. ತಲಿ ಎತ್ತಿ ನಿಂದರು” ಎಂದರು.

ಅಕ್ಕೋರಿಗೆ ಸುದ್ದಿ ಹೇಳಿದೆ. ಅವರು ಸಂತೋಷಪಟ್ಟರು, ಅಥವಾ ಹಾಗೆ ಕಂಡರು. ಟೋಪನ್ ಅನ್ನು ಗಡಿಗೆಯ ಸಮೇತ ನಮ್ಮ ಮನೆಗೆ ತಂದು ಜೋಳ ತುಂಬಿಡುವ ವಾಡೆಯ ಮೇಲಿಟ್ಟೆ. ಸ್ಪರ್ಧೆಗೆ ನಾಲ್ಕು ದಿನ ಉಳಿದಿತ್ತು. ಒಂದು ಸಂಜೆ ಹಿಟ್ಟಿನ ಗಿರಣಿಗೆ ಹೋಗಿ ಬಂದೆ. ಗಡಿಗೆ ಬೋಳಾಗಿ ಕೂತಿತ್ತು.

ನಾನಿಲ್ಲದ ಹೊತ್ತಿಗೆ ಅಕ್ಕೋರು ಮನೆಗೆ ಬಂದಿದ್ದರಂತೆ. ಟೋಪನ್ ಕೇಳಿದರು. ಅವ್ವ ಕೊಟ್ಟಳು. ಇದನ್ನು ನನಗೆ ಹೇಳುವಾಗ ರೊಟ್ಟಿ ಬಡಿಯುತ್ತಿದ್ದ ಅವಳು ಮುಖ ಎತ್ತಲಿಲ್ಲ. ಹೊಸದಾಗಿ ವರ್ಗವಾಗಿ ಬಂದ ಒಬ್ಬ ಸಾಹೇಬರ ಮಗಳು ನನ್ನದೇ ಇಯತ್ತೆಗೆ ಸೇರಿದ್ದಳು. ರಾಣಿಯ ಪಾತ್ರ ಅವಳಿಗೆ. ಅವಳದು ಕಿವಿಯವರೆಗೆ ಕತ್ತರಿಸಿದ ಬಾಬ್ ಕಟ್, ಆದ್ದರಿಂದ ಟೋಪನ್ ಬೇಕು. ನನ್ನ ಪ್ರಕೃತಿ ಇನ್ನೂ ಸುಧಾರಿಸಿಲ್ಲ, ಅಷ್ಟು ಮಾತು ಆಡಿದರೆ ತ್ರಾಸಾಗುತ್ತದೆ, ಹಾಗಾಗಿ ನನಗೆ ಸೈನಿಕನ ಪಾತ್ರ, ರುಮಾಲು ಇರುವುದರಿಂದ ತಲೆಯೂ ಕಾಣುವುದಿಲ್ಲ ಎಂದು ಅಕ್ಕೋರು ಹೇಳಿ ಹೋಗಿದ್ದರು.

ನಾನು ತಂದ ಹಿಟ್ಟಿನ ಡಬ್ಬಿಯನ್ನು ನೆಲಕ್ಕೆ ಎತ್ತಿ ಹಾಕಿದೆ. ಮನೆಯ ತುಂಬ ಹಿಟ್ಟು. ದೇವಿಯ ಹೆಸರು ಹೇಳಿ ನನಗೆ ಕೊಡಲು ಒಲ್ಲೆ ಎಂದವಳು, ಅಕ್ಕೋರು ಕೇಳಿದ ಕೂಡಲೇ ಅರಿವೆ ಸುತ್ತಿ ಕೊಟ್ಟಳಲ್ಲ! ದೇವಿಗಿಂತ ಅಕ್ಕೋರು ದೊಡ್ಡವರೇ ಎಂದು ಕಿರುಚಿದೆ. ಅವ್ವ ಹಿಟ್ಟು ಬಳಿಯತೊಡಗಿದಳು. ಗದ್ದಲ ಕೇಳಿ ಖಾಲಾ ಬಂದರು. ವಿಷಯ ಗೊತ್ತಾದ ಮೇಲೆ ಅವರು ಕೂಗಾಡಲಿಲ್ಲ. ಬಾಗಿಲಲ್ಲೇ ನಿಂತು ಅವ್ವನಿಗೆ, “ನನ್ನ ಕೈ ಕೆಲಸಾನೂ ಅದರಾಗ ಇತ್ತರಿ. ಒಂದ ಮಾತ ಕೇಳಬೇಕಿತ್ತು” ಎಂದು ಹೇಳಿ ಹೊರಟುಹೋದರು. ಅಪ್ಪ ಮಾರುಕಟ್ಟೆಯಿಂದ ಬಂದು ಅಂಗಿಗೆ ಹತ್ತಿದ ಹತ್ತಿಯ ಎಳೆ ಬಿಡಿಸಿಕೊಳ್ಳುತ್ತ, ಒಂದು ನಾಟಕಕ್ಕೆ ಇಷ್ಟು ರಾದ್ಧಾಂತವೇ ಎಂದ. ಅವನ ಮೇಲೂ ಸಿಟ್ಟು ಬಂತು.

ಸೈನಿಕನ ಪಾತ್ರ ಒಲ್ಲೆ ಎನ್ನಬಹುದಿತ್ತು. ಅನ್ನಲಿಲ್ಲ. ನನ್ನ ಟೋಪನ್ ಹೋಗುವಲ್ಲಿಗೆ ನಾನೂ ಹೋಗಬೇಕಿತ್ತು. ಕಿತ್ತೂರಿಗೆ ಬಸ್ಸಿನಲ್ಲಿ ಹೋಗುವಾಗ ಅದು ಅಕ್ಕೋರ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ಗಡಿಗೆ ಇಲ್ಲದೆ, ಆಸರೆ ಇಲ್ಲದೆ, ಮುದುಡಿಕೊಂಡು. ಪ್ರತಿ ತಿರುವಿನಲ್ಲೂ ನಾನು ಆ ಚೀಲವನ್ನೇ ನೋಡುತ್ತಿದ್ದೆ.

ಸ್ಪರ್ಧೆ ನಡೆಯುತ್ತಿದ್ದ ಕಟ್ಟಡದ ಒಂದು ಕೋಣೆಯನ್ನು ನಮಗೆ ಬಣ್ಣ ಹಚ್ಚಿಕೊಳ್ಳಲು ಕೊಟ್ಟಿದ್ದರು. ನಾನು ಧೋತರ ಉಟ್ಟು, ಮೀಸೆ ಬರೆಸಿಕೊಂಡು, ರುಮಾಲು ಸುತ್ತಿಕೊಂಡು ಹೊರಗೆ ನಿಂತಿದ್ದೆ. ಒಳಗಿನಿಂದ ಅಕ್ಕೋರು ಕರೆದರು. ಟೋಪನ್ ಕೂಡುತ್ತಿಲ್ಲ, ಸ್ವಲ್ಪ ನೋಡು ಎಂದರು. ಕೂಡುವುದು ಹೇಗೆ? ಅದು ಬೋಳುತಲೆಯ ಅಳತೆಗೆ ಕಟ್ಟಿದ್ದು. ಆ ಹುಡುಗಿಯ ತಲೆಯಲ್ಲಿ ದಟ್ಟನೆಯ ಕೂದಲಿತ್ತು. ಹಾಕಿದಂತೆಲ್ಲ ಅದು ಹಣೆಯಿಂದ ಹಿಂದಕ್ಕೆ ಜಾರುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಕತ್ತಿನ ಕಡೆಯಿಂದ ನೆತ್ತಿಯವರೆಗೆ ಅಸ್ತರವನ್ನು ಕತ್ತರಿಯಿಂದ ಸೀಳಿದ್ದರು. ನಾನು ಬಿಚ್ಚಿ ಬಿಚ್ಚಿ ಹೊಲಿದ ಸಾಲುಗಳು ತುಂಡಾಗಿ ಕೂದಲು ಎಳೆ ಎಳೆಯಾಗಿ ಉದುರುತ್ತಿತ್ತು. ಸೀಳು ಬೈತಲೆಯ ಪಟ್ಟಿಯನ್ನೂ ದಾಟಿತ್ತು. ಖಾಲಾ ಎಂಟು ದಿನ ಕಣ್ಣು ಕೀಲಿಸಿ ಮಾಡಿದ ಪಟ್ಟಿ.

ಇದನ್ನು ಕತ್ತರಿಸಿದವರು ಯಾರು ಎಂದು ಕೇಳಿದೆ. ಸಡಿಲ ಮಾಡಲು ನಾನೇ ಕತ್ತರಿಸಿದೆ, ಮಾತು ಬೇಡ, ಎರಡು ಹೊಲಿಗೆ ಹಾಕು ಎಂದು ಅಕ್ಕೋರು ಸೂಜಿ ಮುಂದೆ ಹಿಡಿದರು. ಆ ಹುಡುಗಿ ಕನ್ನಡಿಯಲ್ಲಿ ನನ್ನನ್ನು ನೋಡುತ್ತ, ಇದು ನಾಟಕ ಕಂಪನಿಯಿಂದ ಬಾಡಿಗೆಗೆ ತಂದದ್ದಲ್ಲವೇ, ನಿನಗೇನು ಎಂದಳು. ಅವಳಿಗೆ ಹಾಗೆ ಹೇಳಲಾಗಿತ್ತು.

“ಇದು ನನ್ನ ತಲಿ ಕೂದಲ. ಜ್ವರ ಬಂದಾಗ ಕತ್ತರಿಸಿದ್ದು” ಎಂದೆ.

ಅವಳು ಟೋಪನ್ ಅನ್ನು ಕಿತ್ತು ಬೆಂಚಿನ ಮೇಲೆ ಎಸೆದಳು. ಟವೆಲ್ಲಿನಿಂದ ತಲೆಯನ್ನು ಗಸಗಸ ಒರೆಸಿಕೊಳ್ಳುತ್ತ ಅಳತೊಡಗಿದಳು. ತನಗೂ ಜ್ವರ ಬರುತ್ತದೆ, ತನ್ನ ಕೂದಲೂ ಹೋಗುತ್ತದೆ ಎಂದು. ಅಕ್ಕೋರು ನನ್ನ ಕೆನ್ನೆಗೆ ಹೊಡೆದರು. ರುಮಾಲು ಬಿಚ್ಚಿಕೊಂಡು ಭುಜದ ಮೇಲೆ ಬಿತ್ತು. ಕೋಣೆಯಲ್ಲಿದ್ದ ಬೇರೆ ಊರಿನ ಮಕ್ಕಳೆಲ್ಲ ನನ್ನ ತಲೆ ನೋಡಿದರು. ಆಗಲೇ ಹೊರಗೆ ನಮ್ಮ ಸಾಲೆಯ ಹೆಸರು ಕೂಗಿದರು.

ಅಕ್ಕೋರಿಗೆ ಬೇರೆ ದಾರಿ ಇರಲಿಲ್ಲ. ಆ ಹುಡುಗಿಯ ಸೀರೆಯ ಸೆರಗನ್ನು ಎಳೆದು ತಲೆಯ ತುಂಬ ಹೊದಿಸಿ, ಕಿವಿಯ ಬಳಿ ಎರಡು ಪಿನ್ನು ಚುಚ್ಚಿ, ವೇದಿಕೆಗೆ ತಳ್ಳಿದರು. ಅಷ್ಟೆ. ರಾಣಿಯ ಕೂದಲು ಒಂದೆಳೆಯೂ ಕಾಣಲಿಲ್ಲ, ಯಾರೂ ಕೇಳಲೂ ಇಲ್ಲ. ಗಂಡನನ್ನು ಕಳೆದುಕೊಂಡು ರಾಜ್ಯ ನಡೆಸಿದ ಹೆಂಗಸು ತಲೆ ತುಂಬ ಸೆರಗು ಹೊದ್ದಿರುತ್ತಿದ್ದಳು ಎಂಬುದು ಯಾರಿಗಾದರೂ ಹೊಳೆಯಬೇಕಿತ್ತು. ಎರಡು ಪಿನ್ನಿನಲ್ಲಿ ಮುಗಿಯುವ ಮಾತು! ನನ್ನ ಬೋಳುತಲೆಯ ಮೇಲೂ ಸೆರಗು ನಿಲ್ಲುತ್ತಿತ್ತಲ್ಲ. ಲಾಡಿ ಕಟ್ಟಿದ್ದರೆ ಆಗುತ್ತಿತ್ತು. ಇಷ್ಟು ದಿನ ಕೂದಲು ಕೂದಲು ಎಂದದ್ದೆಲ್ಲ ಏನು? ಇದು ನನಗೆ ನಿಂತಲ್ಲೇ ತಿಳಿಯಿತು.

ರುಮಾಲನ್ನು ನಾನು ಮತ್ತೆ ಸುತ್ತಿಕೊಳ್ಳಲಿಲ್ಲ. ಅದನ್ನು ಬೆಂಚಿನ ಮೇಲೆ ಟೋಪನ್ ಪಕ್ಕದಲ್ಲಿಟ್ಟು, ಬೋಳುತಲೆಯಲ್ಲೇ ಕತ್ತಿ ಹಿಡಿದು ಹೋದೆ. ಅಕ್ಕೋರು ಹಿಂದಿನಿಂದ ಏನೋ ಅಂದರು. ಅವರು ವೇದಿಕೆಯ ಮೇಲೆ ಬರುವ ಹಾಗಿರಲಿಲ್ಲವಲ್ಲ. ಎದುರಿಗೆ ಕುಳಿತವರಲ್ಲಿ ಕೆಲವರು ನಕ್ಕರು. ಕೋಟೆಯ ಬಾಗಿಲಿಗೆ ಶತ್ರು ಬಂದ ಸುದ್ದಿ ಹೇಳುವ ಒಂದೇ ಮಾತು ನನ್ನದು. ಅದನ್ನು ಎಷ್ಟು ಜೋರಾಗಿ ಹೇಳಿದೆನೆಂದರೆ ರಾಣಿ ಬೆಚ್ಚಿ ತನ್ನ ಮಾತು ಮರೆತಳು. ಅವಳ ಮಾತು ನನಗೆ ಬಾಯಿಪಾಠವಿತ್ತು. ಪಿಸುಗುಟ್ಟಿದರೆ ಸಾಕಿತ್ತು. ನಾನು ಪಿಸುಗುಟ್ಟಲಿಲ್ಲ. ಅವಳು ಕಣ್ಣಲ್ಲಿ ಬೇಡಿಕೊಳ್ಳುತ್ತ ನಿಂತಿರುವುದನ್ನು ನೋಡುತ್ತಲೇ ನಿಂತೆ. ಆ ಹುಡುಗಿಯ ತಪ್ಪು ಅಂಥದ್ದೇನೂ ಇರಲಿಲ್ಲ ಎಂದು ಈಗ ಗೊತ್ತಿದೆ. ಆಗ ಅದು ನನಗೆ ಬೇಕಾಗಿರಲಿಲ್ಲ.

ಬಹುಮಾನ ಬರಲಿಲ್ಲ. ಕೊನೆಗೆ ನಿರ್ಣಾಯಕರೊಬ್ಬರು ಎಲ್ಲ ತಂಡಗಳ ಬಗ್ಗೆ ನಾಲ್ಕು ಮಾತು ಹೇಳುತ್ತ, ಬೈಲಹೊಂಗಲದ ತಂಡದಲ್ಲಿ ತಲೆ ಬೋಳಿಸಿಕೊಂಡು ಬಂದ ಆ ಸೈನಿಕ ಹುಡುಗನ ದನಿ ಚೆನ್ನಾಗಿತ್ತು ಎಂದು ಹೊಗಳಿದರು. ಹುಡುಗ! ಎದ್ದು ನಿಂತು ನಾನು ಹುಡುಗಿ ಎಂದು ಹೇಳಬೇಕು ಅನ್ನಿಸಿತು. ಆಗ ಮಾತ್ರ ದನಿ ಏಳಲಿಲ್ಲ.

ತಿರುಗಿ ಬರುವಾಗ ಟೋಪನ್ ನನ್ನ ತೊಡೆಯ ಮೇಲಿತ್ತು. ಅದನ್ನು ಯಾರೂ ಕೇಳಲಿಲ್ಲ. ಅಕ್ಕೋರು ಆ ವರ್ಷವೆಲ್ಲ ನನ್ನೊಂದಿಗೆ ಮಾತಾಡಲಿಲ್ಲ. ವರ್ಗದಲ್ಲಿ ನಾನು ಕೈ ಎತ್ತಿದರೆ ಕಾಣದಂತೆ ಮುಂದೆ ಹೋಗುತ್ತಿದ್ದರು. ಮಾತು ಕೊಟ್ಟು ಮುರಿದವರಿಗೆ ನನ್ನ ಮೇಲೆ ಸಿಟ್ಟು ಎಂಬುದು ನನಗೆ ಇನ್ನೂ ಜೀರ್ಣವಾಗಿಲ್ಲ.

ಮನೆಗೆ ಬಂದು ಸೀಳಿದ ಟೋಪನ್ ಅನ್ನು ಅವ್ವನ ಮುಂದೆ ಹರಡಿದೆ. ಅವಳು ಅದನ್ನು ಮುಟ್ಟಲು ಕೈ ಚಾಚಿದಳು, ನಾನು ಸರಿಸಿಕೊಂಡೆ. ಆಗ ಹೇಳಿದಳು. ಅಕ್ಕೋರು ಅಂದು ಬಂದಾಗ ಇನ್ನೊಂದು ಮಾತನ್ನೂ ಹೇಳಿದ್ದರಂತೆ: ವೇದಿಕೆಯ ಮೇಲೆ ಅಷ್ಟು ಜನರೆದುರು ಟೋಪನ್ ಜಾರಿ ಬಿದ್ದರೆ ಹುಡುಗಿಗೆ ಬೋಳಿ ಎಂಬ ಹೆಸರು ಅಂಟಿಕೊಳ್ಳುತ್ತದೆ, ನಾಳೆ ಮದುವೆಯ ಹೊತ್ತಿಗೂ ಅದೇ ಮಾತು ಬರುತ್ತದೆ, ತಾಯಿಯಾದವಳು ವಿಚಾರ ಮಾಡಬೇಕು ಎಂದು.

“ಆ ಮಾತ ನಿನ್ನ ಮ್ಯಾಲ ಬೀಳಬಾರದು ಅಂತ ಕೊಟ್ಟೇನಿ” ಎಂದಳು ಅವ್ವ.

“ಆ ಮಾತ ಸಾಲ್ಯಾಗ ದಿನಾ ಕೇಳತೇನವ್ವಾ. ನೀ ಏನ ಉಳಿಸಿದಿ?” ಎಂದೆ.

ಅವ್ವನಿಗೆ ಅದು ಗೊತ್ತೇ ಇರಲಿಲ್ಲ. ಯಾರು ಅಂದವರು, ಯಾವಾಗಿನಿಂದ ಎಂದು ಕೇಳುತ್ತ ಹೋದಳು. ನಾನು ಒಂದಕ್ಕೂ ಉತ್ತರ ಕೊಡಲಿಲ್ಲ. ಮರುದಿನ ಅವಳು ಸೆರಗು ಬಿಗಿದುಕೊಂಡು ಸಾಲೆಗೆ ಬಂದಳು. ಹಿಂದೆಂದೂ ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಮ್ಮ ವರ್ಗದ ಬಾಗಿಲಲ್ಲಿ ನಿಂತು, ನನ್ನ ಮಗಳಿಗೆ ಆ ಮಾತು ಅಂದವರು ಎದ್ದು ನಿಲ್ಲಿ ಎಂದಳು. ಯಾರೂ ಏಳಲಿಲ್ಲ. ಗಣಿತದ ಸರ್ ಅವಳನ್ನು ಮೆತ್ತಗೆ ಹೊರಗೆ ಕರೆದುಕೊಂಡು ಹೋದರು. ಅಂದಿನಿಂದ ಆ ಹೆಸರು ಬಹುಮಟ್ಟಿಗೆ ನಿಂತಿತು. ಅದಕ್ಕೆ ನಾನು ಉಪಕಾರ ನೆನೆಯಬೇಕಿತ್ತು. ಆದರೆ ಅವಳು ಮೊದಲೇ ನನ್ನನ್ನು ಕೇಳಿದ್ದರೆ ಎಂಬುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಕೂದಲು ಮತ್ತೆ ಬೆಳೆದು ಭುಜ ಮುಟ್ಟಿದಾಗ ಅವ್ವ ಬಾಚಣಿಗೆ ಹಿಡಿದು ಬಂದಳು. ನಾನು ಎದ್ದು ಹೋಗಿ ನನ್ನ ಜಡೆ ನಾನೇ ಹೆಣೆದುಕೊಂಡೆ. ಓರೆಯಾಯಿತು. ಓರೆ ಜಡೆಯಲ್ಲೇ ಸಾಲೆಗೆ ಹೋದೆ. ಆಮೇಲೆ ಎಂದೂ ಅವಳ ಕೈಗೆ ತಲೆ ಕೊಡಲಿಲ್ಲ.

ಟೋಪನ್ ಅನ್ನು ಖಾಲಾಗೆ ಕೊಟ್ಟೆ. ಅವರು ಸೀಳನ್ನು ಬೆಳಕಿಗೆ ಹಿಡಿದು ನೋಡಿದರು. ಉರ್ದುವಿನಲ್ಲಿ ಒಂದು ಬೈಗುಳ ಬೈದರು; ಅವರ ಬಾಯಲ್ಲಿ ಅಂಥದ್ದನ್ನು ಕೇಳಿದ್ದು ಅದೊಂದೇ ಸಲ. ಬಿಚ್ಚಿ ಮತ್ತೆ ಕಟ್ಟೋಣವೇ ಎಂದು ನನ್ನನ್ನು ಕೇಳಿದರು. ಬೇಡ ಎಂದೆ. ಅದು ಅವರ ಪೆಟ್ಟಿಗೆಯಲ್ಲಿ ಉಳಿಯಿತು. ಎರಡು ಸಾವಿರದ ನಂತರ ಅವರ ಗಂಡ ಲಾರಿ ಬಿಟ್ಟು ರಾಮದುರ್ಗದಲ್ಲಿ ಕೆಲಸ ಹಿಡಿದ. ಖಾಲಾ ಸಾಮಾನಿನ ಜೊತೆ ಅದನ್ನೂ ಒಯ್ದರು.

ಮೂರು ನಾಲ್ಕು ವರ್ಷದ ಮೇಲೆ ಖಾಲಾ ಮಗಳ ಮದುವೆಗೆ ಅವ್ವ, ನಾನು ರಾಮದುರ್ಗಕ್ಕೆ ಹೋದೆವು. ನಾನಾಗ ಕಾಲೇಜು ಮುಗಿಸಿದ್ದೆ. ಮದುವೆಯ ಮರುದಿನ ಖಾಲಾ ನಮ್ಮನ್ನು ತಮ್ಮನ ಅಂಗಡಿಗೆ ಕರೆದುಕೊಂಡು ಹೋದರು. ಗೋಡೆಯ ತುಂಬ ಮೊಳೆಗಳಿಗೆ ಟೋಪನ್‌ಗಳು ತೂಗುತ್ತಿದ್ದವು. ನನ್ನದನ್ನು ಗುರುತಿಸಲು ಹೊತ್ತು ಹಿಡಿಯಿತು. ಖಾಲಾ ಅದರ ಸೀಳಿಗೆ ನಡುವೆ ಹೊಸ ಪಟ್ಟಿ ಕೊಟ್ಟು ದೊಡ್ಡದು ಮಾಡಿದ್ದರು. ತುರುಬು ಬಿಚ್ಚಿ ಉದ್ದ ಜಡೆ ಹೆಣೆದಿದ್ದರು. ಸುರೇಬಾನ, ಕಟಕೋಳದ ಕಡೆಯ ನಾಟಕದವರು ಅದನ್ನೇ ಕೇಳಿ ಒಯ್ಯುತ್ತಾರೆ, ಬೇರೆಯವೆಲ್ಲ ನೈಲಾನ್ ಎಂದು ಅವರ ತಮ್ಮ ಹೇಳಿದ. ಬೇಕಾದರೆ ಒಯ್ಯಿ, ನಿನ್ನದೇ ಎಂದರು ಖಾಲಾ. ಇಲ್ಲಿಯೇ ಇರಲಿ ಎಂದೆ. ಅದನ್ನು ಹಾಕಿಕೊಂಡ ಯಾರೋ ಹೆಂಗಸರು ಯಾವುದೋ ಊರಿನಲ್ಲಿ ಜೋರಾಗಿ ಮಾತಾಡಿದ್ದಾರೆ ಎಂಬುದು ನನಗೆ ಸೇರಿತು.

ಅವ್ವ ಮುಂದೆ ಹೋಗಿ ಆ ಜಡೆಯನ್ನು ಅಂಗೈಯಲ್ಲಿ ಹಿಡಿದು ನಿಂತಳು. ಅದರಲ್ಲಿ ಅವಳ ಕೂದಲೂ ಇತ್ತು. ಇದು ನಿನ್ನದು, ಇದು ನನ್ನದು ಎಂದು ಬೇರ್ಪಡಿಸುವಂತೆ ಬೆರಳಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, “ಅವತ್ತ ನಿನ್ನ ಕೇಳಬೇಕಾಗಿತ್ತು” ಎಂದಳು. ಏಳೆಂಟು ವರ್ಷ ಕಾದ ಮಾತು. ಕೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಬದಲಿಗೆ ಸಿಟ್ಟು ಭಗ್ಗನೆ ಹೊಸದಾಗಿ ಹತ್ತಿಕೊಂಡಿತು. ಹೌದು, ಕೇಳಬೇಕಾಗಿತ್ತು ಎಂದಷ್ಟೇ ಹೇಳಿ ಅಂಗಡಿಯ ಮೆಟ್ಟಿಲಿಳಿದೆ.

ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತೆವು. ಸವದತ್ತಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅವ್ವ ಕಿಟಕಿಯಿಂದ ಪೇರಲಹಣ್ಣು ಕೊಂಡು, ಉಪ್ಪು ಹಚ್ಚಿಸಿ, ಅರ್ಧ ನನ್ನ ಕೈಗಿಟ್ಟಳು. ನಾನು ತೆಗೆದುಕೊಂಡು ತಿಂದೆ. ಹಸಿವಾಗಿತ್ತು.